ತಮ್ಮದೇ ಆಟಕ್ಕೆ ತಾವೇ ಕಳ್ಳರು

ಉಡುಪಿ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಮೂವರು ಹುಡುಗರು ಸೇರಿ ಕಂಬಳದ ವಿಡಿಯೊ ಗೇಮ್ ಮಾಡಿದರು. ಕೋಣ ಅವರದೇ, ಕೆಸರು ಅವರದೇ, ಕೊಂಬಿನ ಸದ್ದು ಕೂಡ ಒಬ್ಬನ ಮಾವ ಊದಿದ್ದು. ಪುಕ್ಕಟೆ ಹಂಚೋಣವೆಂದು ಟೊರೆಂಟ್ ಮೂಲಕ ಬಿಟ್ಟರು. ಮರುದಿನವೇ ನೋಟಿಸ್ ಬಂತು: ‘ಪೈರಸಿ’.

ಕಾಲೇಜಿನ ಲೆಕ್ಕದಲ್ಲಿ ಟೊರೆಂಟ್ ಎಂದರೆ ಕದ್ದ ಸಿನಿಮಾ. 2001ರಲ್ಲಿ ಬ್ರಾಮ್ ಕೋಹೆನ್ ರೂಪಿಸಿದ ಬಿಟ್‌ಟೊರೆಂಟ್ ಎಂಬ ಈ ಹಂಚಿಕೆಯ ವಿಧಾನಕ್ಕೆ ಕದಿಯುವ ಚಾಳಿಯೇನೂ ಇಲ್ಲ. ಅದು ಕಡತವನ್ನು ತುಂಡು ತುಂಡು ಮಾಡಿ, ಪಡೆದವರ ಕೈಯಿಂದಲೇ ಮುಂದಿನವರಿಗೆ ದಾಟಿಸುತ್ತದೆ. ಪ್ರತಿ ತುಂಡೂ ಅಸಲಿಯೇ ಎಂದು ತಾಳೆ ನೋಡುತ್ತದೆ. ಎರಡನೇ ಮಹಡಿಯ ಕೋಣ ಮೂರನೇ ಮಹಡಿಗೆ ಹೋಗಲು ಅಮೆರಿಕದ ಸರ್ವರ್ ಸುತ್ತಿ ಬರಬೇಕಾಗಿಲ್ಲ. ಕಂಪ್ಯೂಟರ್ ನಡೆಸುವ ಪುಕ್ಕಟೆ ತಂತ್ರಾಂಶಗಳಾದ ಡೆಬಿಯನ್, ಉಬುಂಟುವಿನವರು ಅಧಿಕೃತವಾಗಿಯೇ ಹೀಗೆ ಹಂಚುತ್ತಾರೆ. ಕಾಲೇಜಿನ ಪ್ರಯೋಗಾಲಯ ನಡೆಯುವುದೂ ಉಬುಂಟುವಿನ ಮೇಲೆಯೇ. ಇದನ್ನು ಅಲ್ಲಿ ಹೇಳದಿರುವುದೇ ಲೇಸು, ಕಂಪ್ಯೂಟರುಗಳಿಗೂ ನೋಟಿಸ್ ಹೋದೀತು.

‘ಇದು ನಮ್ಮದೇ ಆಟ ಸರ್’ ಎಂದರು ಹುಡುಗರು. ಹಾಗಾದರೆ ಹಕ್ಕುದಾರರ ನಿರಾಕ್ಷೇಪಣಾ ಪತ್ರ ತನ್ನಿ ಎಂದಾಯಿತು. ಮೂವರೂ ಕುಳಿತು ತಮಗೆ ತಾವೇ ಅರ್ಜಿ ಬರೆದುಕೊಂಡರು, ಪರಿಶೀಲಿಸಿದರು, ದೊಡ್ಡ ಮನಸ್ಸು ಮಾಡಿ ಅನುಮತಿಯನ್ನೂ ಕೊಟ್ಟುಕೊಂಡರು. ಪತ್ರ ತಿರಸ್ಕೃತವಾಯಿತು. ಕಾರಣ: ಅರ್ಜಿದಾರರ ಸಹಿಗೂ ಹಕ್ಕುದಾರರ ಸಹಿಗೂ ಅನುಮಾನಾಸ್ಪದ ಹೋಲಿಕೆ ಇದೆ.

ಮರ್ಯಾದೆಯಾಗಿ ಸ್ಟೀಮ್‌ನಂಥ ಆನ್‌ಲೈನ್ ಆಟದಂಗಡಿಯಲ್ಲಿ ಮಾರಬಾರದೇ ಎಂಬ ಉಪದೇಶವೂ ಸಿಕ್ಕಿತು. ಮಾರಬಹುದು. ಆಟವೊಂದಕ್ಕೆ 100 ಡಾಲರ್ ಶುಲ್ಕ, ಬಂದದ್ದರಲ್ಲಿ ಶೇ 30 ಅಂಗಡಿಗೆ. ಒಂದು ಕೋಟಿ ಡಾಲರ್ ದಾಟಿದ ಗಳಿಕೆಗೆ ಶೇ 25, ಐದು ಕೋಟಿ ದಾಟಿದರೆ ಶೇ 20. ಬಡವನಿಗೆ ಪೂರ್ತಿ ಸುಂಕ, ಸಾಹುಕಾರನಿಗೆ ರಿಯಾಯಿತಿ. (ಇಚ್ ಐಒ ಎಂಬಲ್ಲಿ ಅಂಗಡಿಯ ಪಾಲೆಷ್ಟೆಂದು ಆಟ ಮಾಡಿದವನೇ ನಿರ್ಧರಿಸಬಹುದು, ಸೊನ್ನೆಯೂ ಆದೀತು. ಇಷ್ಟು ಸಜ್ಜನಿಕೆ ಕಂಡರೆ ನಮ್ಮವರಿಗೆ ಅನುಮಾನವೇ ಜಾಸ್ತಿ.)

ಕೊಂಡವನ ಗತಿ ಇನ್ನೂ ಚೆಂದ. 2014ರಲ್ಲಿ ಬಂದ ‘ದಿ ಕ್ರೂ’ ಎಂಬ ಕಾರು ಓಟದ ಆಟದ ಸರ್ವರುಗಳನ್ನು ಅದರ ಕಂಪನಿ ಯೂಬಿಸಾಫ್ಟ್ 2024ರ ಮಾರ್ಚ್ 31ರಂದು ಮುಚ್ಚಿತು. ಒಬ್ಬನೇ ಕುಳಿತು ಆಡುತ್ತಿದ್ದವನ ಕಾರೂ ನಿಂತಿತು. ಅವನು ಕೊಂಡದ್ದು ಪರವಾನಗಿಯಂತೆ, ಆಟವಲ್ಲವಂತೆ. ಬಯಲಾಟದಲ್ಲಿ ಮಹಿಷಾಸುರ ದೊಂದಿಯ ಬೆಳಕಿನಲ್ಲಿ ಸಭೆಯ ನಡುವಿನಿಂದ ಅಬ್ಬರಿಸಿ ಬರುತ್ತಿರುವಾಗ ಮೇಳದವರು ಅವನ ಕೊಂಬು ಕಳಚಿಕೊಂಡು ‘ನಿಮ್ಮ ಪರವಾನಗಿ ಮುಗಿಯಿತು, ಮನೆಗೆ ಹೋಗಿ’ ಎಂದು ಪೆಟ್ಟಿಗೆ ಕಟ್ಟಿದರೆ ಕಟೀಲಿನ ಕಡೆಯ ಜನ ಸುಮ್ಮನಿರುತ್ತಾರೆಯೇ? ಇಲ್ಲಿ ಮಾತ್ರ ಪೆಟ್ಟಿಗೆ ಕಟ್ಟಿಕೊಂಡು ಹೋದವನು ವ್ಯಾಪಾರಿ, ಬಿಟ್ಟಿ ಆಡಿಸಿದವನು ಕಳ್ಳ.

ಈಚೆಗೆ ಅದೇ ಕಾಲೇಜು ನವೋದ್ಯಮ ದಿನಾಚರಣೆಯಲ್ಲಿ ಕಂಬಳದ ಆಟಕ್ಕೆ ಪ್ರಥಮ ಬಹುಮಾನ ಕೊಟ್ಟಿತು. ಶಾಲು, ಸ್ಮರಣಿಕೆ, ಫೋಟೊ ಎಲ್ಲ ಆಯಿತು. ಖುಷಿಯಾದ ಮುಖ್ಯ ಅತಿಥಿಗಳು ‘ನನ್ನ ಮೊಮ್ಮಗನಿಗೂ ಒಂದು ಪ್ರತಿ ಕೊಡಿ’ ಎಂದರು. ವೇದಿಕೆಯಲ್ಲೇ ಅವರ ಕೈಗೆ ನಿರಾಕ್ಷೇಪಣಾ ಪತ್ರದ ನಮೂನೆಯನ್ನು ಗೌರವಪೂರ್ವಕವಾಗಿ ಹಸ್ತಾಂತರಿಸಲಾಯಿತು.