ಮಾರಕ ಪಟ್ಟು, ಪ್ರಯೋಗಿಸಬಾರದು!

ಯಾವ ಪಟ್ಟು ಕಲಿಯೋದು, ಯಾವುದು ಬಿಡೋದು ಅಂತ ತಲೆ ಕೆಡಿಸಿಕೊಂಡವರಿಗೆ ಸಮರಕಲೆಯ ಲೋಕದಲ್ಲಿ ಸುಲಭದ ಅಳತೆಗೋಲೊಂದಿದೆ. ಯಾರೂ ಯಾರ ಮೇಲೂ ಪೂರ್ತಿ ಬಲ ಹಾಕಿ ಪ್ರಯೋಗಿಸದ ಪಟ್ಟೇ ಶ್ರೇಷ್ಠ. ಯಾಕೆ ಪ್ರಯೋಗಿಸಿಲ್ಲ? ಅದು ಅಷ್ಟು ಮಾರಕ! ಕಣ್ಣಿಗೆ ಬೆರಳು, ಗಂಟಲಿಗೆ ಏಟು, ಒಂದು ನರ ಒತ್ತಿದರೆ ಆಸಾಮಿ ಖಲಾಸ್. ಮಾಡಿ ತೋರಿಸಿ ಮಾಸ್ಟರ್ ಅಂದರೆ, "ನಿನ್ನ ಜೀವ ಉಳೀಲಿ ಅಂತ ಸುಮ್ನಿದ್ದೀನಿ" ಅನ್ನುತ್ತಾರೆ. ಎಂಥ ಕರುಣೆ!

ಇಂಥ ಪಟ್ಟುಗಳ ಅಭ್ಯಾಸ ನೋಡೋಕೆ ಬಲು ಚೆಂದ. ಎದುರಾಳಿ ಬಲಗೈಯಲ್ಲಿ ಒಂದು ಗುದ್ದು ಬಿಡುತ್ತಾನೆ. ಬಿಟ್ಟ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ, ಬಟ್ಟೆ ಒಣಹಾಕುವ ಗಳದ ಹಾಗೆ ಚಾಚಿಕೊಂಡೇ ನಿಲ್ಲುತ್ತಾನೆ. ತನಗೊಂದು ಎಡಗೈ ಇದೆ ಅನ್ನೋದೇ ಮರೆತಿರುತ್ತದೆ. ಮಾಸ್ಟರ್ ಆ ಕೈ ತಿರುಚಿ, ಮೊಣಕೈಗೆ ಒಂದು, ಪಕ್ಕೆಗೆ ಎರಡು, ಕುತ್ತಿಗೆಗೆ ಒಂದು ಕೊಟ್ಟು, ನಡುನಡುವೆ ವಿವರಣೆಯನ್ನೂ ಮುಗಿಸುತ್ತಾರೆ. ಅಷ್ಟು ಹೊತ್ತು ಕಾಯುವ ಸಂಭಾವಿತ ರೌಡಿ ಸಿಗಬೇಕು, ಅಷ್ಟೇ.

ಜಪಾನಿನ ಯಾನಗಿ ರ್ಯೂಕೆನ್ ಅವರಿಗೆ ಮುಟ್ಟುವ ಕಷ್ಟವೂ ಇರಲಿಲ್ಲ. ಕೈ ಬೀಸಿದರೆ ಶಿಷ್ಯರು ಸಾಲಾಗಿ ಉರುಳುತ್ತಿದ್ದರು. 2006ರಲ್ಲಿ ಹೊರಗಿನ ಫೈಟರ್ ಒಬ್ಬ ಎದುರು ನಿಂತ. ಅವನಿಗೆ ಉರುಳುವ ತರಬೇತಿ ಆಗಿರಲಿಲ್ಲ, ಪಾಪ. ನೇರ ಮುಖಕ್ಕೇ ಗುದ್ದಿದ.

ಈ ಗುಟ್ಟು ತಿಳಿಯದೆ ಕೆಟ್ಟವರು ಅಂದರೆ ಕಾನೊ ಜಿಗೊರೊ. 1882ರಲ್ಲಿ ಜೂಡೊ ಶುರು ಮಾಡಿದ ಇವರು, ಅಪಾಯದ ಏಟುಗಳನ್ನು ಕಟಾಗೆ, ಅಂದರೆ ಮೊದಲೇ ಗೊತ್ತುಮಾಡಿಕೊಂಡ ಚಲನೆಗಳ ಅಭ್ಯಾಸಕ್ಕೆ, ಬಿಟ್ಟು, ಎದುರಾಳಿ ಮೈಯೆಲ್ಲಾ ಬಲ ಹಾಕಿ ಕೊಸರಾಡುವಾಗಲೂ ಹಾಕಬಹುದಾದ ಪಟ್ಟುಗಳನ್ನೇ ದಿನಾ ಆಡಿಸಿದರು. ಆಗಿದ್ದೇನು? ಶಿಷ್ಯರು ನಿಜವಾಗಿಯೂ ಜನರನ್ನು ಎತ್ತಿ ಒಗೆಯೋದು ಕಲಿತುಬಿಟ್ಟರು! ಆ ಜೂಡೊದಿಂದಲೇ ಕವಲೊಡೆದ ಬ್ರೆಜಿಲಿಯನ್ ಜಿಯು-ಜಿಟ್ಸು ಕಲಿತ ರಾಯ್ಸ್ ಗ್ರೇಸಿ, 1993ರಲ್ಲಿ, ಬೇರೆ ಬೇರೆ ಸಮರಕಲೆಯವರು ಸೆಣಸುವ ಪಂದ್ಯಾವಳಿಯಾದ ಮೊದಲ ಯುಎಫ್‌ಸಿಯಲ್ಲಿ ಒಂದೇ ರಾತ್ರಿ ಮೂವರನ್ನು ಸೋಲಿಸಿದರು. ಫೈನಲ್‌ನಲ್ಲಿ ಎದುರಾಳಿ ಕಿವಿಯನ್ನೇ ಕಚ್ಚಿದ. ನಿಯಮವೇ ನಿಷೇಧಿಸಿದ್ದ ಪಟ್ಟು ಅದು! ಆಮೇಲೂ ಕುತ್ತಿಗೆ ಅವುಕಿಸಿಕೊಂಡು ಸೋತವನು ಕಚ್ಚಿದವನೇ. ಸರಿಯಾದ ಮಾಸ್ಟರ್ ಹತ್ತಿರ ಕಚ್ಚೋದು ಕಲಿತಿರಲಿಲ್ಲ ಅಂತ ಕಾಣುತ್ತೆ.

ನಮಗೆ ಪದಕವೇ ಬೇಕು ಅನ್ನುವವರು ಟೋಕಿಯೊ ಒಲಿಂಪಿಕ್ಸ್ ನೋಡಲಿ. 2021ರಲ್ಲಿ ಅಲ್ಲಿ ನಡೆದ 75 ಕೆಜಿಗಿಂತ ಹೆಚ್ಚಿನ ತೂಕದವರ ಕರಾಟೆ ಫೈನಲ್. ಸೌದಿ ಆಟಗಾರ 4-1ರಲ್ಲಿ ಮುಂದಿದ್ದ. ಅವನು ಎತ್ತಿದ ಕಾಲು ಇರಾನಿನವನಿಗೆ ಸರಿಯಾಗಿ ತಾಗಿತು. ಇರಾನಿನವನು ಎಚ್ಚರ ತಪ್ಪಿ ಬಿದ್ದ, ಸ್ಟ್ರೆಚರ್‌ನಲ್ಲಿ ಸಾಗಿಸಿದರು. ಒದೆತ ಜಾಸ್ತಿ ಜೋರಾಯಿತು ಅಂತ ಸೌದಿಯವನು ಅನರ್ಹ. ಚಿನ್ನ ಬಿದ್ದವನಿಗೆ!

ಒದೆತದಲ್ಲಿ ಸಿದ್ಧಿ ಪಡೆದರೆ ಬೆಳ್ಳಿ. ಈಗ ಹೇಳಿ, ಯಾವ ಪಟ್ಟು ಅಭ್ಯಾಸ ಮಾಡ್ತೀರಿ?