ಪುಕ್ಕಟೆ ಷರಬತ್ತಿನ ಲೆಕ್ಕ

ಎಲ್ಡರ್ ಎಂಬ ಕಾಡುಮರದ ಹೂ ಅರಳಿದರೆ ಇಂಗ್ಲೆಂಡಿಗೆ ಬೇಸಿಗೆ ಬಂತು, ಎಲ್ಡರ್ ಹಣ್ಣು ಕಪ್ಪಾದರೆ ಬೇಸಿಗೆ ಹೋಯಿತು ಎಂದು ಇಲ್ಲಿನ ಹಳಬರು ಹೇಳುತ್ತಾರೆ. ಮೇ ತಿಂಗಳ ಕೊನೆಯಿಂದ ಜೂನ್ ತಿಂಗಳುದ್ದಕ್ಕೂ ಬೇಲಿಸಾಲು, ಕಾಲುವೆಯ ದಂಡೆ, ರೈಲು ಹಳಿಯ ಬದಿ, ಪಾಳು ಮನೆಗಳ ಹಿತ್ತಲು ಹೀಗೆ ಯಾರೂ ಆರೈಕೆ ಮಾಡದ ಜಾಗಗಳಲ್ಲೆಲ್ಲ ಅಂಗೈಯಗಲದ ಕೆನೆಬಣ್ಣದ ಗೊಂಚಲುಗಳು ತಲೆಯೆತ್ತುತ್ತವೆ. ಸೆಪ್ಟೆಂಬರ್ ಹೊತ್ತಿಗೆ ಅವೇ ಗೊಂಚಲುಗಳು ಕಪ್ಪು ಹಣ್ಣುಗಳ ಭಾರಕ್ಕೆ ಕೆಳಮುಖವಾಗಿ ಜೋಲುತ್ತವೆ. ಮಲೆನಾಡಿನ ಸಾಗರದಿಂದ ಇಂಗ್ಲೆಂಡಿನ ರೆಡಿಂಗ್ ಊರಿಗೆ ಬಂದ ನಮ್ಮ ಅತ್ತೆಯವರಿಗೆ ಸಂದರ್ಶಕ ವೀಸಾ ಕೊಟ್ಟ ಆರು ತಿಂಗಳೂ ಹೆಚ್ಚುಕಡಿಮೆ ಇದೇ ಅವಧಿಗೆ ಬಿದ್ದುದರಿಂದ, ಹೂವಿನ ಷರಬತ್ತು, ಹಣ್ಣಿನ ಪಾಕ ಎರಡಕ್ಕೂ ಅವರು ಸಾಕ್ಷಿಯಾಗುವ ಯೋಗ ಕೂಡಿಬಂತು. ಯೋಗವೆಂದವರು ನಮ್ಮ ಯಜಮಾನರು. ಅತ್ತೆಯವರು ಅದಕ್ಕೆ ಬೇರೆ ಹೆಸರಿಟ್ಟಿದ್ದರು.

ಅಂಗಡಿಯಲ್ಲಿ ನಾಲ್ಕೈದು ಪೌಂಡ್ ತೆತ್ತು ಕೊಳ್ಳುವ ಎಲ್ಡರ್ ಹೂವಿನ ಷರಬತ್ತು ಕಾಲುವೆಯ ದಂಡೆಯಲ್ಲಿ ಪುಕ್ಕಟೆಯಾಗಿ ತೂಗಾಡುತ್ತಿರುವಾಗ ಅದನ್ನು ದುಡ್ಡು ಕೊಟ್ಟು ತರುವುದು ಅವಿವೇಕ ಎಂಬುದು ಯಜಮಾನರ ವಾದ. ಆದರೆ ಪುಕ್ಕಟೆ ವಸ್ತುವಿನ ಮೇಲೆ ಅವರಿಗೆ ಎಷ್ಟು ಪ್ರೀತಿಯೋ, ಪೊಲೀಸರ ಮೇಲೆ ಅಷ್ಟೇ ಭಯ. ಹೀಗಾಗಿ ಅವರು ಮೊದಲು ಕತ್ತರಿ ಹುಡುಕಲಿಲ್ಲ, ಕಾನೂನು ಹುಡುಕಿದರು. 1968ರ ಕಳ್ಳತನ ಕಾಯಿದೆಯ ನಾಲ್ಕನೆಯ ಕಲಮಿನ ಮೂರನೆಯ ಉಪಕಲಮಿನಂತೆ, ತಾನಾಗಿ ಬೆಳೆದ ಗಿಡದಿಂದ ಹೂವು, ಹಣ್ಣು, ಸೊಪ್ಪು ಕಿತ್ತವನು ಅದನ್ನು ಮಾರಾಟಕ್ಕಾಗಿ ಕೀಳದಿದ್ದರೆ ಕಳ್ಳನಲ್ಲ. ಈ ಭಾಗವನ್ನು ಮುದ್ರಿಸಿ, ಮಡಿಸಿ, ಅಂಗಿಯ ಜೇಬಿನಲ್ಲಿಟ್ಟುಕೊಂಡು ಅವರು ಕೆನೆಟ್ ಮತ್ತು ಏವನ್ ಕಾಲುವೆಯ ದಂಡೆಗೆ ಹೊರಟರು. ಬುಟ್ಟಿ ಹಿಡಿದು ನಾನು, ನನ್ನ ಹಿಂದೆ ಸ್ವೆಟರಿನ ಮೇಲೆ ಸೆರಗು ಬಿಗಿದುಕೊಂಡ ಅತ್ತೆಯವರು. ಆ ಕಾಗದವನ್ನು ಯಾರೂ ಕೇಳಲಿಲ್ಲ. ನಾಯಿ ಅಡ್ಡಾಡಿಸುತ್ತಿದ್ದ ಒಬ್ಬ ಹಿರಿಯರು ನಿಂತು, ಸೇತುವೆಯಾಚೆಯ ಮರದಲ್ಲಿ ಇನ್ನೂ ಒಳ್ಳೆಯ ಹೂವಿದೆಯೆಂದು ದಾರಿ ತೋರಿಸಿದಾಗ ಯಜಮಾನರ ಮುಖದಲ್ಲಿ ಕಂಡದ್ದು ಕೃತಜ್ಞತೆಯಲ್ಲ, ವಾದಿಸುವ ಅವಕಾಶ ತಪ್ಪಿದ ವಕೀಲನ ಬೇಸರ.

ಈ ಮರಕ್ಕೆ ಸಾರಜನಕ ತುಂಬಿದ ಮಣ್ಣೆಂದರೆ ಬಲು ಇಷ್ಟ. ತುರಿಚೆ ಗಿಡಕ್ಕೂ ಅದೇ ಮಣ್ಣು ಇಷ್ಟ. ಆದ್ದರಿಂದ ಎಲ್ಡರ್ ಮರದ ಬುಡಕ್ಕೆ ಹೋಗುವವರು ಸಾಮಾನ್ಯವಾಗಿ ತುರಿಚೆಯ ಕಾವಲು ದಾಟಿಯೇ ಹೋಗಬೇಕಾಗುತ್ತದೆ. ಬಿಸಿಲು ಬಂದ ಸಂತೋಷಕ್ಕೆ ಅರ್ಧ ಚಡ್ಡಿ ತೊಟ್ಟಿದ್ದ ಯಜಮಾನರು ಮೊಣಕಾಲುದ್ದದ ಆ ಹಸಿರಿನೊಳಗೆ ನೇರವಾಗಿ ನಡೆದರು. "ತುರಿಚೆ ಮಾರಾಯ, ನಿಲ್ಲೋ!" ಎಂದು ಅತ್ತೆಯವರು ಕೂಗುವಷ್ಟರಲ್ಲಿ ಅವರು ಅದರ ನಡುಮಧ್ಯ ತಲುಪಿ, ಮುಂದೆ ಹೋಗುವುದೂ ಹಿಂದೆ ಬರುವುದೂ ಸಮಾನ ದುಃಖವೆಂಬ ಸ್ಥಿತಿಯಲ್ಲಿ ನಿಂತಿದ್ದರು. ಮಲೆನಾಡಿನಲ್ಲಿ ಬೆಳೆದ ಮಗ ತುರಿಚೆಯನ್ನು ಗುರುತಿಸದೆ ಹೋದದ್ದು ಅತ್ತೆಯವರಿಗೆ ಆದ ನಿಜವಾದ ನೋವು. ಮಗನ ಕಾಲಿನದು ಆಮೇಲಿನ ಮಾತು.

ಹೂವನ್ನು ಗುರುತಿಸುವ ಕೆಲಸ ಅತ್ತೆಯವರಿಗೇ ಹೋಯಿತು. ಅದೇ ಋತುವಿನಲ್ಲಿ, ಅದೇ ದಂಡೆಯಲ್ಲಿ ಬಿಳಿ ಗೊಂಚಲು ಬಿಡುವ ಗಿಡಗಳು ಇನ್ನೂ ಹಲವಿವೆ. ಅವುಗಳಲ್ಲಿ ಕಾಂಡದ ಮೇಲೆ ನೇರಳೆ ಚುಕ್ಕೆಗಳಿರುವ ಹೆಮ್ಲಾಕ್ ಸಾಕ್ರಟೀಸನ ಪ್ರಾಣ ತೆಗೆದ ಜಾತಿಯದು. ಯಜಮಾನರ ಮೊಬೈಲು ಒಂದೇ ಹೂವಿಗೆ ಮೂರು ಹೆಸರು ಸೂಚಿಸಿ, ಆಯ್ಕೆಯನ್ನು ನಮ್ಮ ಆಯುಷ್ಯಕ್ಕೆ ಬಿಟ್ಟಿತು. ಅತ್ತೆಯವರು ಮಾತ್ರ ಒಣಗಿದ ಕಡ್ಡಿಯೊಂದನ್ನು ಮುರಿದು, ಒಳಗಿನ ಮೆತ್ತನೆಯ ಬಿಳಿ ತಿರುಳನ್ನು ನೋಡಿ, ಇದು ಮರ, ಅದು ಬರೀ ಸೊಪ್ಪಿನ ಗಿಡ ಎಂದು ತೀರ್ಪು ಕೊಟ್ಟರು. ಎದುರುಬದುರಾಗಿ ಹೊರಡುವ ಎಲೆ, ಒಂದೊಂದರಲ್ಲೂ ಐದೋ ಏಳೋ ಉಪಎಲೆ, ಕಟ್ಟಿಗೆಯಂತಹ ತೊಗಟೆ: ಪುಸ್ತಕದವರು ಹೇಳುವ ಲಕ್ಷಣಗಳೂ ಇವೇ. ಕೀಳುವ ಮುನ್ನ ಅವರು ಮರಕ್ಕೆ ಕೈಮುಗಿದರು. ಈ ಮರದಲ್ಲಿ ಒಬ್ಬ ತಾಯಿ ವಾಸವಾಗಿದ್ದಾಳೆ, ಅವಳ ಅಪ್ಪಣೆಯಿಲ್ಲದೆ ಕೊಂಬೆ ಕಡಿಯಬಾರದು ಎಂಬ ನಂಬಿಕೆ ಡೆನ್ಮಾರ್ಕಿನಲ್ಲೂ ಇಂಗ್ಲೆಂಡಿನಲ್ಲೂ ಹಿಂದಿನಿಂದ ಇದೆ. ಅತ್ತೆಯವರಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮುಂದಿನದು ನಿಂಬೆ ಉಪ್ಪಿನ ಪ್ರಸಂಗ. ಇಪ್ಪತ್ತೈದು ಗೊಂಚಲಿಗೆ ಒಂದೂವರೆ ಲೀಟರ್ ನೀರು, ಒಂದು ಕಿಲೋಗೂ ಮಿಕ್ಕ ಸಕ್ಕರೆ, ನಾಲ್ಕು ನಿಂಬೆಹಣ್ಣು, ಐವತ್ತು ಗ್ರಾಮಿನಷ್ಟು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಎಂಬುದು ಇಲ್ಲಿ ಬಳಕೆಯಲ್ಲಿರುವ ಒಂದು ಅಳತೆ. ಆ ಕೊನೆಯ ವಸ್ತುವನ್ನು ಕೇಳಲು ಔಷಧಿ ಅಂಗಡಿಗೆ ಹೋದಾಗ, ಅಲ್ಲಿದ್ದವರು ಧ್ವನಿ ತಗ್ಗಿಸಿ ಎಷ್ಟು ಬೇಕು, ಯಾತಕ್ಕೆ ಬೇಕು ಎಂದು ವಿಚಾರಿಸಿದರು. ಹೆರಾಯಿನ್ ಚುಚ್ಚಿಕೊಳ್ಳುವವರು ಅದನ್ನು ನೀರಿನಲ್ಲಿ ಕರಗಿಸಲು ಈ ಪುಡಿಯನ್ನು ಬಳಸುವುದರಿಂದ ಇಲ್ಲಿನ ಔಷಧಿ ಅಂಗಡಿಗಳಿಗೆ ಅದರ ಮೇಲೊಂದು ಕಣ್ಣು. ತುರಿಚೆಯ ಗುಳ್ಳೆಗಳನ್ನು ಎಡೆಬಿಡದೆ ಕೆರೆದುಕೊಳ್ಳುತ್ತ, ಅದಿಲ್ಲದೆ ನಡೆಯುವುದಿಲ್ಲವೆಂದು ಗೋಗರೆಯುತ್ತಿದ್ದ ಯಜಮಾನರು ಅವರ ಅನುಮಾನವನ್ನು ತಗ್ಗಿಸುವ ಸ್ಥಿತಿಯಲ್ಲಿರಲಿಲ್ಲ. ಕೊನೆಗೆ ಗುಜರಾತಿ ದಿನಸಿ ಅಂಗಡಿಯಲ್ಲಿ, ಜೀರಿಗೆಯ ಪಕ್ಕದ ಅಟ್ಟದಲ್ಲಿ, ಯಾವ ವಿಚಾರಣೆಯೂ ಇಲ್ಲದೆ ಅದು ದೊರೆಯಿತು.

ಹೂವನ್ನು ತೊಳೆಯಬಾರದು ಎಂದು ನಾನು ಹೇಳಿದಾಗ ಅಡುಗೆಮನೆಯಲ್ಲಿ ಸಾಂವಿಧಾನಿಕ ಬಿಕ್ಕಟ್ಟು ಉಂಟಾಯಿತು. ಪರಿಮಳವೆಲ್ಲ ಇರುವುದು ಪರಾಗದಲ್ಲಿ, ತೊಳೆದರೆ ಅದು ನೀರಿನ ಪಾಲು. ಆದರೆ ಹುಳುಗಳ ಸಮೇತ ಹೂವನ್ನು ಪಾತ್ರೆಗೆ ಹಾಕುವ ಮನೆಯಲ್ಲಿ ತಾವು ನೀರನ್ನೂ ಮುಟ್ಟುವುದಿಲ್ಲವೆಂದು ಅತ್ತೆಯವರು ಸಾರಿದರು. ಹುಳುಗಳು ತಾವಾಗಿ ಹೊರಡಲೆಂದು ಗೊಂಚಲುಗಳನ್ನು ಬಿಳಿ ಬಟ್ಟೆಯ ಮೇಲೆ ಹರಡುವುದು ರಾಜಿಸೂತ್ರವಾಯಿತು. ಅಷ್ಟರಲ್ಲಿ ಇಂಗ್ಲೆಂಡಿನ ಮಳೆ ಬಂದುದರಿಂದ ಬಟ್ಟೆಯನ್ನು ಊಟದ ಕೋಣೆಗೆ ಎಳೆಯಬೇಕಾಯಿತು; ಹುಳುಗಳು ಒಪ್ಪಂದಕ್ಕೆ ಬದ್ಧವಾಗಿ ಹೂವನ್ನು ಬಿಟ್ಟು ಪರದೆಗಳಲ್ಲಿ ನೆಲೆಸಿದವು. ಒಂದು ದಿನ ನೆನೆದ ಮಿಶ್ರಣವನ್ನು ಸೋಸಲು ತೆಳುಬಟ್ಟೆ ಸಿಗದೆ, ಯಜಮಾನರ ಮದುವೆಯ ಪಂಚೆಯನ್ನು ಅತ್ತೆಯವರೇ ಪೆಟ್ಟಿಗೆಯಿಂದ ತೆಗೆದುಕೊಟ್ಟರು. "ಇನ್ನೇನು, ಮತ್ತೆ ಉಡೋದಿದ್ಯಾ?" ಎಂದು ಅವರು ಕೇಳಿದ್ದಕ್ಕೆ ಉತ್ತರ ಕೊಡುವ ಧೈರ್ಯ ಯಜಮಾನರಿಗಿರಲಿಲ್ಲ. ಷರಬತ್ತು ಮಾತ್ರ ಚೆನ್ನಾಗಿತ್ತು. ಮಸ್ಕಟ್ ದ್ರಾಕ್ಷಿಯ ವಾಸನೆ, ಹಿಂದೆಯೇ ನಿಂಬೆಯ ಚುರುಕು.

ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ ಇದೇ ಹೂವನ್ನು ಸಕ್ಕರೆ ನೀರಿನಲ್ಲಿ ಬಿಟ್ಟರೆ, ಅದರ ಮೇಲಿನ ಕಾಡು ಈಸ್ಟ್ ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡನ್ನೂ ತುಸು ಮದ್ಯಸಾರವನ್ನೂ ಹುಟ್ಟಿಸಿ, ನೊರೆಯುಕ್ಕುವ ಪೇಯವಾಗಿಸುತ್ತದೆ. ಮನೆಗಳಲ್ಲಿ ಜನ ಅದನ್ನು ಎಲ್ಡರ್ ಹೂವಿನ ಶಾಂಪೇನ್ ಎನ್ನುತ್ತಾರೆ. ಸರೆ ಪ್ರಾಂತದ ಒಂದು ತೋಟದವರು, ಮದ್ಯಸಾರವೇ ಇಲ್ಲದ ತಮ್ಮ ಪೇಯವನ್ನು ಅದೇ ಹೆಸರಿನಲ್ಲಿ ಮಾರಲು ಹೋದಾಗ ಶಾಂಪೇನ್ ತಯಾರಿಸುವ ಫ್ರಾನ್ಸಿನ ಟೈಟಾಂಜೆ ಕಂಪನಿ ದಾವೆ ಹೂಡಿ, 1993ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದಿತು. ಮತ್ತೆ ಕಾನೂನು! ಯಜಮಾನರು ನಮ್ಮ ಸೀಸೆಗಳಿಗೆ ಹೆಸರೇ ಇಡದೆ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಜೋಡಿಸಿದರು. ಅಲ್ಲಿ ತಂಪಾಗಿಟ್ಟ ಒಂದನ್ನು ಅತ್ತೆಯವರು ಊಟದ ನಂತರ ಕುಡಿದು, ಸೋಡಾ ಬಹಳ ಚೆನ್ನಾಗಿದೆ, ಅಜೀರ್ಣಕ್ಕೆ ಒಳ್ಳೆಯದು ಎಂದು ಇನ್ನೊಂದು ಲೋಟ ಬಗ್ಗಿಸಿಕೊಂಡು, ಎಂದೂ ಇಲ್ಲದ ಉತ್ಸಾಹದಿಂದ ತಮ್ಮ ನಾದಿನಿಯರ ಸಂಗತಿಗಳನ್ನು ಸಂಜೆಯವರೆಗೆ ಹೇಳಿದರು. ಅದರಲ್ಲಿ ಏನಿದೆಯೆಂದು ತಿಳಿಸುವ ಹೊಣೆ ಮಗನದೋ ಸೊಸೆಯದೋ ಎಂಬುದು ಇಂದಿಗೂ ತೀರ್ಮಾನವಾಗಿಲ್ಲ.

ಒಂದು ಸೆಕೆಯ ರಾತ್ರಿ ಮೆಟ್ಟಿಲ ಕೆಳಗೆ ಗುಂಡು ಹಾರಿದ ಸದ್ದಾಯಿತು. ಅತ್ತೆಯವರು ಕಳ್ಳರೆಂದುಕೊಂಡರು, ಪಕ್ಕದ ಮನೆಯವರು ಗ್ಯಾಸ್ ಎಂದುಕೊಂಡರು. ಒತ್ತಡ ತಡೆಯುವ ಪ್ಲಾಸ್ಟಿಕ್ ಸೋಡಾ ಸೀಸೆಗಳನ್ನೇ ಬಳಸಿ, ದಿನಾ ಮುಚ್ಚಳ ಸಡಿಲಿಸಿ ಎಂದು ತಿಳಿದವರು ಹೇಳುತ್ತಾರೆ. ಅಂದವಾದ ಗಾಜಿನ ಸೀಸೆಗಳೇ ಬೇಕೆಂದವರು ಯಾರು ಎಂಬ ಚರ್ಚೆ ಬಾಗಿಲು ತೆರೆಯುವ ಮೊದಲೇ ಶುರುವಾಗಿತ್ತು. ಒಂದು ಸೀಸೆ ಸಿಡಿದರೆ ಪಕ್ಕದವು ಸುಮ್ಮನಿರುವುದಿಲ್ಲ. ಕಪಾಟಿನ ಕಾರ್ಪೆಟ್ಟು, ವ್ಯಾಕ್ಯೂಮ್ ಕ್ಲೀನರು, ಅತ್ತೆಯವರು ಊರಿಗೆ ಒಯ್ಯಲೆಂದು ಕೂಡಿಟ್ಟಿದ್ದ ಚಾಕೊಲೇಟಿನ ಚೀಲ ಎಲ್ಲವೂ ಅಂಟು ಪಾಕದಲ್ಲಿ ಮಿಂದವು. ಕಾರ್ಪೆಟ್ಟು ಬದಲಿಸಿದ ಖರ್ಚನ್ನು ಪುಕ್ಕಟೆಯ ಲೆಕ್ಕದಲ್ಲಿ ಎಲ್ಲಿ ಬರೆಯಬೇಕೆಂದು ನಾನು ಕೇಳಿದೆ. ಉತ್ತರ ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಹಣ್ಣು ಬಂತು, ಜೊತೆಗೆ ಪಾರಿವಾಳಗಳೂ ಬಂದವು. ಅವು ತಿಂದದ್ದೆಲ್ಲ ನಮ್ಮ ಒಣಹಾಕಿದ ಬಟ್ಟೆಯ ಮೇಲೆ ನೇರಳೆಯಾಗಿ ಇಳಿಯಿತು. ಹಸಿ ಎಲ್ಡರ್ ಹಣ್ಣಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಎಲೆ ಮತ್ತು ತೊಟ್ಟಿನಲ್ಲಿ, ಸಯನೈಡ್ ಹುಟ್ಟಿಸುವ ಅಂಶವಿದೆ; 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಲೆ, ಕಡ್ಡಿಗಳ ಸಮೇತ ಹಿಂಡಿದ ಹಸಿ ರಸ ಕುಡಿದ ಎಂಟು ಜನರನ್ನು ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಒಯ್ಯಬೇಕಾಯಿತು. ಆದ್ದರಿಂದ ಮುಳ್ಳುಚಮಚದಿಂದ ಹಣ್ಣುಗಳನ್ನು ತೊಟ್ಟಿನಿಂದ ಬಿಡಿಸಿ, ಚೆನ್ನಾಗಿ ಕುದಿಸಬೇಕು. ಕುದಿಸುವುದೆಂದ ಕೂಡಲೇ ಅತ್ತೆಯವರು ಸೆರಗು ಸಿಕ್ಕಿಸಿ ಒಲೆಯ ಅಧಿಕಾರ ವಹಿಸಿಕೊಂಡು, ಲವಂಗ, ಶುಂಠಿ, ಕಾಳುಮೆಣಸು ಸೇರಿಸಿ, ಅದನ್ನು ಷರಬತ್ತಿನ ಪದವಿಯಿಂದ ಕಷಾಯದ ಪದವಿಗೆ ಏರಿಸಿದರು. ಬಣ್ಣದ ವಿಷಯವನ್ನಂತೂ ಕೇಳಬೇಡಿ. ಹದಿನೆಂಟನೆಯ ಶತಮಾನದಲ್ಲಿ ಪೋರ್ಚುಗಲ್ಲಿನ ವ್ಯಾಪಾರಿಗಳು ಸಪ್ಪೆ ಪೋರ್ಟ್ ವೈನಿಗೆ ಇದೇ ಹಣ್ಣಿನ ರಸ ಬೆರೆಸಿ ಕಡುಗೆಂಪು ಮಾಡುತ್ತಿದ್ದರೆಂದು, ಮಂತ್ರಿ ಪೊಂಬಾಲ್ ಡೋರೊ ಕಣಿವೆಯ ಎಲ್ಡರ್ ಮರಗಳನ್ನೇ ಕೀಳಿಸಿದ. ನಮ್ಮ ಅಡುಗೆಮನೆಯ ಗೋಡೆಯನ್ನು ನೋಡಿದ ಮೇಲೆ ಆ ಮಂತ್ರಿಯ ಬಗ್ಗೆ ನನಗೆ ಗೌರವ ಹುಟ್ಟಿದೆ.

ಅಕ್ಟೋಬರಿನಲ್ಲಿ ಅತ್ತೆಯವರು ಹೊರಟಾಗ ಎರಡು ಸೀಸೆ ಕಷಾಯವನ್ನು ರೇಷ್ಮೆ ಸೀರೆಗಳ ನಡುವೆ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿಟ್ಟುಕೊಂಡರು. ಬೆಂಗಳೂರಿನಲ್ಲಿ ಪೆಟ್ಟಿಗೆ ತೆರೆಯುವವರೆಗೂ ನಮಗೆ ನಿದ್ದೆಯಿರಲಿಲ್ಲ. ಸೀಸೆಗಳೂ ಸೀರೆಗಳೂ ಸುರಕ್ಷಿತವಾಗಿ ತಲುಪಿದವು. ಅತ್ತೆಯವರು ಅದನ್ನು ಕೆಮ್ಮಿಗೆ ಇಂಗ್ಲೆಂಡಿನ ಔಷಧಿಯೆಂದು ಚಮಚದಲ್ಲಿ ಅಳೆದು ಕೊಡಲಾರಂಭಿಸಿದ ಮೇಲೆ, ಸಾಗರದ ಆ ಬೀದಿಯಲ್ಲಿ ನೆಟ್ಟಗಿದ್ದವರಿಗೂ ಕೆಮ್ಮು ಹತ್ತಿಕೊಂಡಿತಂತೆ. ಈ ವರ್ಷ ಆರು ಸೀಸೆ ಕಳಿಸಬೇಕೆಂದು ಅವರ ಫೋನು ಬಂದಿದೆ. ಅಂಚೆಯ ಖರ್ಚನ್ನು ನಾನು ವಿಚಾರಿಸಿದ್ದೇನೆ. ಯಜಮಾನರಿಗೆ ಇನ್ನೂ ಹೇಳಿಲ್ಲ.