ಸತ್ತವರ ಲೆಕ್ಕ ಇಡದ ಕತ್ತಲೆ ನನಗೆ ಬೇಡ

‘ಹೊಸದು ಹಳೆಯದಕ್ಕಿಂತ ಡಾರ್ಕ್ ಆಗಿದೆ, ಅದಕ್ಕೇ ಚೆನ್ನಾಗಿದೆ’ ಎಂಬ ಮಾತನ್ನು ಇನ್ನೊಂದು ಸಲ ಕೇಳಿದರೆ ನಾನು ಪಂಕ್ತಿಯಿಂದ ಎದ್ದು ಹೋಗುತ್ತೇನೆ. ಸಿಟ್ಟಿನಲ್ಲಿಯೇ ಬರೆಯುತ್ತಿದ್ದೇನೆ. ಇಳಿಯಲಿ ಎಂದು ಕಾದರೆ ಹೇಳಬೇಕಾದದ್ದು ಹೇಳದೆಯೇ ಉಳಿಯುತ್ತದೆ.

ಭಾನುವಾರ ಮುಂಬೈ ಪಕ್ಕದ ಮೀರಾ ರೋಡಿನಲ್ಲಿ ತಾಳಮದ್ದಳೆ ಇತ್ತು, ಗದಾಯುದ್ಧದ ಪ್ರಸಂಗ. ಮುಗಿದ ಮೇಲೆ ಊಟಕ್ಕೆ ಕುಳಿತಾಗ, ನನ್ನ ಆಸಕ್ತಿ ಬಲ್ಲವರೊಬ್ಬರು ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ ಎಂಬ, ಎರಡು ಸಲ ತಯಾರಾದ ಅಮೆರಿಕದ ಟೀವಿ ಸರಣಿಯ ಮಾತೆತ್ತಿದರು. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅವರ ಮಗ ಹೊಸ ಸರಣಿಯನ್ನು ನೋಡಿ ಮುಗಿಸಿದ್ದ, ಹಳೆಯದನ್ನೂ ಸ್ವಲ್ಪ ನೋಡಿದ್ದ. ಹಳೆಯದು ಮಕ್ಕಳಾಟಿಕೆ, ಹೊಸದು ಡಾರ್ಕ್, ಆದ್ದರಿಂದ ಹೊಸದೇ ಶ್ರೇಷ್ಠ ಎಂದು ಎರಡೇ ಮಾತಿನಲ್ಲಿ ತೀರ್ಪು ಕೊಟ್ಟ. ಪಕ್ಕದಲ್ಲಿದ್ದ ಹಿರಿಯರು, ಮನೆಮಂದಿಯೆಲ್ಲ ಕುಳಿತು ನೋಡುವಂತಿದ್ದ ಕಥೆಯನ್ನು ಈಗಿನವರು ಮಸಣ ಮಾಡಿದರು ಎಂದರು. ಒಬ್ಬರಿಗೆ ಕತ್ತಲೆಯೇ ಗುಣ, ಇನ್ನೊಬ್ಬರಿಗೆ ಕತ್ತಲೆಯೇ ದೋಷ. ಇಬ್ಬರೂ ನೋಡಿದ್ದು ಬಣ್ಣವನ್ನು ಮಾತ್ರ. ಅಲ್ಲಿ ನಾನು ಹೇಳಲು ಹೊರಟದ್ದು ಪಾಯಸ ಬಂದಾಗ ಅರ್ಧಕ್ಕೇ ನಿಂತಿತು. ಉಳಿದರ್ಧ ಇಲ್ಲಿದೆ.

ನೋಡದವರಿಗೆ ಕಥೆ ಇಷ್ಟು. ಹನ್ನೆರಡು ಗ್ರಹಗಳಲ್ಲಿ ನೆಲೆಸಿದ ಮನುಷ್ಯಕುಲವನ್ನು ಸೈಲಾನ್ ಎಂಬ ಶತ್ರುಗಳು ಒಂದೇ ದಾಳಿಯಲ್ಲಿ ನಾಶ ಮಾಡುತ್ತಾರೆ. ಉಳಿದ ಕೆಲವರು ಗ್ಯಾಲಕ್ಟಿಕಾ ಎಂಬ ಯುದ್ಧನೌಕೆಯ ಬೆನ್ನಿಗೆ ಸಿಕ್ಕಸಿಕ್ಕ ಹಡಗುಗಳಲ್ಲಿ ತುಂಬಿಕೊಂಡು, ಭೂಮಿ ಎಂಬ ಜಾಗವನ್ನು ಹುಡುಕುತ್ತ ಓಡುತ್ತಾರೆ. ಗ್ಲೆನ್ ಲಾರ್ಸನ್ ಇದನ್ನು 1978ರಲ್ಲಿ ಅಮೆರಿಕದ ಎಬಿಸಿ ವಾಹಿನಿಗೆ ಮಾಡಿದರು. ಒಂದೇ ಸೀಸನ್, 24 ಕಂತು. ರೊನಾಲ್ಡ್ ಮೂರ್ ಅದೇ ಕಥೆಯನ್ನು 2003ರ ಕೊನೆಯಲ್ಲಿ ಕಿರುಸರಣಿಯಾಗಿ ಮತ್ತೆ ಶುರು ಮಾಡಿ, 2009ರವರೆಗೆ ನಾಲ್ಕು ಸೀಸನ್‌ಗಳಲ್ಲಿ ಬೆಳೆಸಿದರು. ಅದರ ಶೀರ್ಷಿಕೆ ಸಂಗೀತದಲ್ಲಿ ಗಾಯತ್ರೀ ಮಂತ್ರ ಇದೆ ಎಂದು ನಮ್ಮವರು ವಾಟ್ಸ್ಆ್ಯಪ್‌ನಲ್ಲಿ ಹಂಚಿ ಸಂತೋಷಪಡುತ್ತಾರೆ. ಇರಲಿ, ಅದು ಮುಖ್ಯವಲ್ಲ.

ಹಳೆಯದನ್ನು ಮಕ್ಕಳಾಟಿಕೆ ಎನ್ನುವುದು ಅನ್ಯಾಯ. ಅದರ ಮೊದಲ ಭಾಗ ನೋಡಿ. ಯುದ್ಧನೌಕೆಯ ನಾಯಕ ಅಡಾಮಾ ತನ್ನ ಒಬ್ಬ ಮಗನನ್ನು ಕಳೆದುಕೊಳ್ಳುತ್ತಾನೆ, ಸುಟ್ಟುಹೋದ ತನ್ನ ಗ್ರಹಕ್ಕೆ ಇಳಿದು ಅಳುತ್ತಾನೆ. ಹಡಗುಗಳಲ್ಲಿ ಜನ ಹಸಿದು ಕುಳಿತಿದ್ದಾರೆ. ಆ ಪಾತ್ರ ಮಾಡಿದ ಲಾರ್ನ್ ಗ್ರೀನ್ ಅವರ ಮುಖದಲ್ಲಿ ಸುಳ್ಳಿಲ್ಲ. ಆದರೆ ಅದೇ ಆರಂಭದ ಕಥೆ ಮುಗಿಯುವ ಮೊದಲೇ ಬದುಕುಳಿದವರು ಕೆರಿಲಾನ್ ಎಂಬ ಗ್ರಹದ ಜೂಜುಕಟ್ಟೆಗೆ ಹೋಗಿ ಕುಡಿದು, ಕುಣಿದು, ಹಣ ಗೆಲ್ಲುತ್ತಾರೆ! ಕೋಟಿಕೋಟಿ ಜನ ಸತ್ತದ್ದು ಈಚೆಗೆ ತಾನೆ? ಆ ಜಾಗ ಒಂದು ಬಲೆ ಎಂದು ಕಥೆ ಆಮೇಲೆ ಹೇಳುತ್ತದೆ ನಿಜ, ಆದರೆ ಆ ಜನರ ಮುಖದಲ್ಲಿ ಯಾರನ್ನೂ ಕಳೆದುಕೊಂಡ ಗುರುತೇ ಇಲ್ಲ. ನಾಯಿ ಸತ್ತದ್ದಕ್ಕೆ ಅಳುವ ಹುಡುಗನಿಗೆ ಒಂದು ಯಂತ್ರದ ನಾಯಿ ಸಿಗುತ್ತದೆ, ಅವನ ದುಃಖ ಅಲ್ಲಿಗೆ ತೀರುತ್ತದೆ. ನನಗೆ ಕೋಪ ಬಂದದ್ದು ಜೂಜಿನ ಮೇಲಲ್ಲ, ಬೆಳಕಿನ ಮೇಲೂ ಅಲ್ಲ. ಇಷ್ಟು ದೊಡ್ಡ ಸಾವನ್ನು ಕಥೆಗೆ ಬಂಡವಾಳವಾಗಿ ತೆಗೆದುಕೊಂಡು, ಅದರ ಲೆಕ್ಕ ಕೊಡದೆ ಮುಂದೆ ಹೋಗಿಬಿಟ್ಟರಲ್ಲ, ಅದರ ಮೇಲೆ.

ನಾನು ಬ್ಯಾಂಕಿನ ಕೌಂಟರಿನಲ್ಲಿ ಆಯುಷ್ಯ ಕಳೆದವನು. ಸಂಜೆ ನಗದು ಕೂಡದಿದ್ದರೆ ಹತ್ತು ರೂಪಾಯಿಯ ವ್ಯತ್ಯಾಸಕ್ಕೂ ಯಾರೂ ಮನೆಗೆ ಹೊರಡುವಂತಿರಲಿಲ್ಲ. ಹೊಸ ಸರಣಿಯನ್ನು ಮೊದಲ ಸಲ ನೋಡಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಶಿಸ್ತು.

ಕಿರುಸರಣಿಯಲ್ಲಿ ಹಡಗಿಗೆ ಬೆಂಕಿ ಬಿದ್ದಾಗ ಕರ್ನಲ್ ಟೈ ಆ ಭಾಗವನ್ನು ಮುಚ್ಚಿ ಗಾಳಿಯನ್ನು ಹೊರಬಿಡಲು ಆಜ್ಞೆ ಕೊಡುತ್ತಾನೆ. ಒಳಗೆ ಸಿಕ್ಕಿಕೊಂಡ 85 ಮಂದಿ ಸಾಯುತ್ತಾರೆ, ಹಡಗು ಉಳಿಯುತ್ತದೆ. ಅಲ್ಲಿಗೆ ಬಿಡುವುದಿಲ್ಲ. ನನಗೆ 40 ಸೆಕೆಂಡು ಸಾಕಿತ್ತು ಎಂದು ಆ ಹುಡುಗರ ಮುಖ್ಯಸ್ಥ ಟಿರಾಲ್ ಹೋಗಿ ಅಡಾಮಾನನ್ನು ಕೇಳುತ್ತಾನೆ. ಸಾಮಾನ್ಯ ಯುದ್ಧಕಥೆಯಲ್ಲಿ ಈ 85 ಮಂದಿ ಒಂದು ಸ್ಫೋಟದ ಚಿತ್ರ ಅಷ್ಟೇ. ಇಲ್ಲಿ ಅವರ ಪರವಾಗಿ ಜವಾಬು ಕೇಳಲು ಒಬ್ಬ ಮನುಷ್ಯ ಇದ್ದಾನೆ.

ಲಾರಾ ರಾಸ್ಲಿನ್‌ಳನ್ನು ನೋಡಿ. ಶಿಕ್ಷಣ ಖಾತೆಯ ಮಂತ್ರಿ, ಅಧಿಕಾರದ ಸರದಿಯಲ್ಲಿ 43ನೆಯವಳು. ಮೇಲಿನವರೆಲ್ಲ ಸತ್ತದ್ದರಿಂದ ಅಧ್ಯಕ್ಷೆಯಾಗುತ್ತಾಳೆ. ಆ ಹೊತ್ತಿಗೆ ತನಗೆ ಸ್ತನ ಕ್ಯಾನ್ಸರ್ ಎಂಬುದೂ ಅವಳಿಗೆ ತಿಳಿದಿರುತ್ತದೆ. ಅವಳ ಕೋಣೆಯಲ್ಲಿ ಒಂದು ಬಿಳಿ ಫಲಕ, ಅದರ ಮೇಲೆ ಉಳಿದಿರುವ ಮನುಷ್ಯರ ಸಂಖ್ಯೆ. ಯಾರಾದರೂ ಸತ್ತರೆ ಅಳಿಸಿ ಮತ್ತೆ ಬರೆಯಬೇಕು. ‘33’ ಎಂಬ ಮೊದಲ ಕಂತಿನಲ್ಲಿ ಪ್ರತಿ 33 ನಿಮಿಷಕ್ಕೊಮ್ಮೆ ಸೈಲಾನ್‌ಗಳು ಬಂದೆರಗುತ್ತಾರೆ. ಐದು ದಿನಗಳಿಂದ ಯಾರೂ ಮಲಗಿಲ್ಲ. 1,345 ಜನರನ್ನು ಹೊತ್ತ ಒಂದು ಪ್ರಯಾಣಿಕರ ಹಡಗನ್ನು ಶತ್ರುಗಳು ಬೆನ್ನಟ್ಟುವುದಕ್ಕೆ ಬಳಸುತ್ತಿದ್ದಾರೆ ಎಂಬ ಅನುಮಾನ ಬಂದು, ಅದನ್ನು ತಮ್ಮ ಕೈಯಾರೆ ಹೊಡೆದು ಬೀಳಿಸುತ್ತಾರೆ. ಒಳಗೆ ಜನ ಇದ್ದರೇ, ಇರಲಿಲ್ಲವೇ ಎಂಬುದನ್ನು ಕಂತು ಬಿಡಿಸಿ ಹೇಳುವುದಿಲ್ಲ. ಗುಂಡು ಹಾರಿಸಿದವನು ಆ ಕಿಟಕಿಗಳನ್ನು ಮರೆಯಲಾರ. ಕಂತಿನ ಕೊನೆಯಲ್ಲಿ ಒಂದು ಮಗು ಹುಟ್ಟುತ್ತದೆ, ರಾಸ್ಲಿನ್ ಫಲಕದ ಮೇಲಿನ ಸಂಖ್ಯೆಗೆ ಒಂದು ಸೇರಿಸುತ್ತಾಳೆ. ಆ ಒಂದು ಅಂಕೆಗೆ ನಾನು ಅತ್ತಿದ್ದೇನೆ. ಇದನ್ನು ‘ಡಾರ್ಕ್’ ಎಂದು ಹೇಗೆ ಕರೆಯುತ್ತೀರಿ? ಒಂದು ಮಗುವಿನ ಜನನ ಇಷ್ಟು ಬೆಲೆಯುಳ್ಳದ್ದಾಗಿ ನನಗೆ ಬೇರೆ ಯಾವ ಸರಣಿಯಲ್ಲೂ ಕಂಡಿಲ್ಲ. ಕಂಡದ್ದು ಏಕೆಂದರೆ ಅದಕ್ಕೆ ಮೊದಲು ಕಳೆದವರನ್ನೂ ಎಣಿಸಿದ್ದರು.

ಆ ಎಣಿಕೆ ಬರಿಯ ಅಲಂಕಾರವೂ ಅಲ್ಲ. ಎರಡನೆಯ ಸೀಸನ್‌ನಲ್ಲಿ ಅದೇ ಸಂಖ್ಯೆ ರಾಸ್ಲಿನ್‌ಳ ಕೊರಳು ಹಿಡಿಯುತ್ತದೆ. ಹೆಣ್ಣಿನ ದೇಹದ ಮೇಲೆ ಹೆಣ್ಣಿಗೇ ಹಕ್ಕು ಎಂದು ಜೀವನಪೂರ್ತಿ ವಾದಿಸಿದವಳು, ಜನಸಂಖ್ಯೆ ಇಳಿಯುತ್ತಿದೆ ಎಂಬ ಕಾರಣಕ್ಕೆ ಗರ್ಭಪಾತವನ್ನು ನಿಷೇಧಿಸುತ್ತಾಳೆ. ನನಗೆ ಆ ನಿರ್ಧಾರ ಒಪ್ಪಿಗೆಯಿಲ್ಲ. ಆದರೆ ಅವಳು ಅಲ್ಲಿಗೆ ಹೇಗೆ ಬಂದಳು ಎಂಬುದನ್ನು ಕಂತು ಕಂತಾಗಿ ಕಂಡಿದ್ದೇನೆ. ಒಂದು ಸಂಖ್ಯೆ ರಾಜಕೀಯವಾಗುತ್ತದೆ, ಕಾನೂನಾಗುತ್ತದೆ, ಯಾರದೋ ಹೊಟ್ಟೆಯ ಮೇಲಿನ ಒಡೆತನವಾಗುತ್ತದೆ. ಮಂದ ಬೆಳಕು, ಅಲುಗಾಡುವ ಕ್ಯಾಮೆರಾ ಯಾರು ಬೇಕಾದರೂ ಇಡಬಹುದು. ಇಂಥ ಪರಿಣಾಮಗಳನ್ನು ಕೊನೆಯವರೆಗೆ ಹಿಂಬಾಲಿಸುವುದು ಕಷ್ಟ.

ಈಗ ಇನ್ನೊಂದು ವಾದ. ಹಳೆಯದರಲ್ಲಿ ಭರವಸೆ ಇತ್ತು, ದಣಿದು ಬಂದವರಿಗೆ ಭರವಸೆ ಬೇಕು ಎನ್ನುತ್ತಾರೆ. ಹಳೆಯದರಲ್ಲಿ ಅಪೊಲೊ ಎಂಬ ಪಾತ್ರ ಮಾಡಿದ್ದ ನಟ ರಿಚರ್ಡ್ ಹ್ಯಾಚ್ ಸಹ ಮರುಸೃಷ್ಟಿಯನ್ನು ಮೊದಲಿಗೆ ಒಪ್ಪಿರಲಿಲ್ಲ. ಆಮೇಲೆ ಅವರೇ ಅದರಲ್ಲಿ ಟಾಮ್ ಜಾರೆಕ್ ಎಂಬ ಬಂಡಾಯಗಾರನಾಗಿ ಬಂದು ಅದ್ಭುತವಾಗಿ ನಟಿಸಿದರು. ಹಳೆಯದರಲ್ಲಿ ಗಂಡಾಗಿದ್ದ ಪೈಲಟ್ ಸ್ಟಾರ್‌ಬಕ್‌ನನ್ನು ಹೆಣ್ಣು ಮಾಡಿದರು ಎಂಬ ಗಲಾಟೆಯೂ ಇತ್ತು, ಆ ಪಾತ್ರದಲ್ಲಿ ಕೇಟಿ ಸ್ಯಾಕಾಫ್ ಅವರನ್ನು ನೋಡಿದ ಮೇಲೆ ಅದಕ್ಕೆ ಉತ್ತರ ಕೊಡುವ ಅಗತ್ಯವಿಲ್ಲ. ಭರವಸೆಯ ವಿಷಯಕ್ಕೆ ಬರುತ್ತೇನೆ. ಹೊಸದರಲ್ಲಿ ಅಡಾಮಾ ಸತ್ತವರ ಶವಗಳ ಎದುರು ನಿಂತು, ಭೂಮಿ ಎಲ್ಲಿದೆ ಎಂದು ನನಗೆ ಗೊತ್ತು ಎನ್ನುತ್ತಾನೆ. ಅದು ಸುಳ್ಳು. ರಾಸ್ಲಿನ್ ಕೇಳಿದಾಗ ಒಪ್ಪಿಕೊಳ್ಳುತ್ತಾನೆ. ಜನ ಬದುಕಲು ಏನಾದರೂ ಬೇಕು ಎಂದು ಬಲ್ಲವನು, ಆ ಸುಳ್ಳಿನ ಭಾರವನ್ನು ತಾನೇ ಹೊರುತ್ತಾನೆ. ಭರವಸೆಯ ಬೆಲೆ ಗೊತ್ತಿರುವುದು ಈ ಕಥೆಗೆ. ಜೂಜುಕಟ್ಟೆಯಲ್ಲಿ ಸಿಕ್ಕದ್ದು ಭರವಸೆಯಲ್ಲ, ಮರೆವು.

ಮರೆವನ್ನು ಭರವಸೆ ಎಂದು ಕರೆಯುವುದನ್ನು ಮುಂಬೈಯಲ್ಲಿ ಇರುವ ನಾವು ಸಹಿಸಲೇಬಾರದು. 2006ರ ಜುಲೈ 11ರ ಸಂಜೆ ಪಶ್ಚಿಮ ರೈಲ್ವೆಯ ಲೋಕಲ್‌ಗಳಲ್ಲಿ 11 ನಿಮಿಷಗಳೊಳಗೆ 7 ಬಾಂಬುಗಳು ಸಿಡಿದವು. 180ಕ್ಕೂ ಹೆಚ್ಚು ಜನ ಸತ್ತರು. ನಮ್ಮ ಬೊರಿವಲಿಯ ಕಟ್ಟಡದವರೊಬ್ಬರು ಮನೆಗೆ ಬರಲಿಲ್ಲ. ಅವರ ತಮ್ಮನ ಜೊತೆ ನಾನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದೆ. ಗೋಡೆಗೆ ಅಂಟಿಸಿದ ಕೈಬರಹದ ಪಟ್ಟಿಗಳಲ್ಲಿ ಹೆಸರು ಹುಡುಕಿದೆವು. ಕೆಲವು ಸಾಲುಗಳಲ್ಲಿ ಹೆಸರಿರಲಿಲ್ಲ, ‘ಗಂಡಸು, ಸುಮಾರು 40’ ಎಂದಷ್ಟೇ ಇತ್ತು. ಮಾರನೆಯ ದಿನ ರೈಲು ಓಡಿತು, ನಾವು ಹತ್ತಿದೆವು. ಹತ್ತದೆ ಏನು ಮಾಡುವುದು, ಬಾಡಿಗೆ ಕಟ್ಟಬೇಕಲ್ಲ? ಟೀವಿಯವರು ಅದನ್ನು ಮುಂಬೈಯ ಸ್ಪಿರಿಟ್ ಎಂದು ಕೊಂಡಾಡಿದರು. ಆ ಹೊಗಳಿಕೆ ನನ್ನನ್ನು ಇವತ್ತಿಗೂ ಸುಡುತ್ತದೆ. ಹೊಗಳಿಬಿಟ್ಟರೆ ಲೆಕ್ಕ ಕೊಡಬೇಕಾಗಿಲ್ಲ ಎಂದು ಎಲ್ಲರಿಗೂ ಅನ್ನಿಸಿತು.

ಗ್ಯಾಲಕ್ಟಿಕಾದಲ್ಲಿ ಒಂದು ಓಣಿಯಿದೆ. ಕಾಣೆಯಾದವರ ಚಿತ್ರಗಳನ್ನು ಜನ ಅದರ ಗೋಡೆಗೆ ಅಂಟಿಸಿದ್ದಾರೆ, ಹಡಗಿನ ಸಿಬ್ಬಂದಿಯ ಹುಡುಗಿ ಡುವಾಲಾ ಕೂಡ ಅಲ್ಲಿಗೆ ತನ್ನದೊಂದು ಚಿತ್ರ ಹಿಡಿದು ಬರುತ್ತಾಳೆ. ಆ ದೃಶ್ಯ ಬಂದಾಗ ನಾನು ಟೀವಿ ನಿಲ್ಲಿಸಿದೆ. ಆ ಗೋಡೆ ನನಗೆ ಗೊತ್ತಿತ್ತು.

ತಾಳಮದ್ದಳೆಯಿಂದ ಎದ್ದು ಬಂದವರು ಇದನ್ನು ನನ್ನ ಬಾಯಿಂದ ಕೇಳಬೇಕಾಗಿರಲಿಲ್ಲ. ಹತ್ತನೆಯ ಶತಮಾನದಲ್ಲಿ ರನ್ನ ‘ಗದಾಯುದ್ಧ’ದಲ್ಲಿ ಮಾಡಿದ್ದೇನು? ಎಲ್ಲರಿಗೂ ಗೊತ್ತಿದ್ದ ಭಾರತದ ಕಥೆಯನ್ನು ಎತ್ತಿಕೊಂಡು, ಸೋತ ದುರ್ಯೋಧನನನ್ನು ರಣರಂಗದಲ್ಲಿ ನಡೆಸಿದ. ಹೆಣಗಳ ನಡುವೆ ಅವನು ಸುಮ್ಮನೆ ಹಾದುಹೋಗುವುದಿಲ್ಲ. ದ್ರೋಣನ ಬಳಿ ನಿಲ್ಲುತ್ತಾನೆ, ದುಶ್ಶಾಸನನ ಬಳಿ, ಮಗ ಲಕ್ಷಣಕುಮಾರನ ಬಳಿ, ಕರ್ಣನ ಬಳಿ ನಿಲ್ಲುತ್ತಾನೆ. ಶತ್ರುಪಕ್ಷದ ಅಭಿಮನ್ಯುವಿನ ಬಳಿಯೂ ನಿಂತು ಕೈಮುಗಿಯುತ್ತಾನೆ. ಒಬ್ಬೊಬ್ಬರಿಗೂ ಬೇರೆ ಬೇರೆ ಮಾತು. ರನ್ನ ಕಥೆಯನ್ನು ಕಪ್ಪಾಗಿಸಿದ ಎಂದು ಯಾರಾದರೂ ಹೇಳುತ್ತಾರೆಯೇ? ಅವನು ಸತ್ತವರ ಎದುರು ನಿಲ್ಲುವಷ್ಟು ಸಮಯ ಕೊಟ್ಟ. ಹೇಳಿದ ಕಥೆಯನ್ನೇ ಮತ್ತೆ ಹೇಳುವವನಿಗೆ ಇರುವ ಅತಿ ದೊಡ್ಡ ಅವಕಾಶ ಅದು. ಮೊದಲ ಸಲ ಹೇಳಿದವನು ಅವಸರದಲ್ಲಿ ದಾಟಿಹೋದ ಹೆಣದ ಹತ್ತಿರ ಹಿಂದಿರುಗಿ ಬರಬಹುದು. ಮೂರ್ ತಮ್ಮ ರೀತಿಯಲ್ಲಿ ಅದನ್ನೇ ಮಾಡಿದರು.

ಕೊನೆಯವರೆಗೂ ಮಾಡಿದರೆ? ಇಲ್ಲ. ನನ್ನ ಸಿಟ್ಟಿನ ಇನ್ನೊಂದು ಪಾಲು ಅಲ್ಲಿಗೆ ಸಲ್ಲಬೇಕು. ನಾಲ್ಕನೆಯ ಸೀಸನ್‌ನಲ್ಲಿ ಹುಡುಕಿ ಹುಡುಕಿ ಸಿಕ್ಕ ಭೂಮಿ ಅಣುಬಾಂಬಿನಿಂದ ಸುಟ್ಟ ಬೂದಿ ಎಂದು ತಿಳಿದಾಗ, ಅದೇ ಡುವಾಲಾ ಒಂದು ಒಳ್ಳೆಯ ಸಂಜೆಯನ್ನು ಕಳೆದು, ಹಾಡು ಗುನುಗುತ್ತ ತನ್ನ ಪ್ರಾಣ ತೆಗೆದುಕೊಳ್ಳುತ್ತಾಳೆ. ಇಡೀ ಸರಣಿಯಲ್ಲಿ ನನಗೆ ಅತ್ಯಂತ ಕಠಿಣವಾಗಿ ಕಂಡ ಗಳಿಗೆ ಅದು. ಅದನ್ನೂ ನಾನು ಒಪ್ಪುತ್ತೇನೆ, ಏಕೆಂದರೆ ಉಳಿದವರು ಅವಳ ಸಾವನ್ನು ಹೊತ್ತುಕೊಂಡೇ ಮುಂದೆ ನಡೆಯುತ್ತಾರೆ. ನಾನು ಒಪ್ಪದಿರುವುದು ಕೊನೆಯ ಕಂತನ್ನು, ಇಡೀ ಸರಣಿಯಲ್ಲೇ ಅತ್ಯಂತ ಬೆಳಕಿನ ಕಂತನ್ನು. ಹಸಿರು ಬಯಲು, ಬಿಸಿಲು, ಜಿಂಕೆಗಳಂಥ ಪ್ರಾಣಿಗಳು, ಕಡೆಗೂ ಸಿಕ್ಕ ನೆಲ. ಆಗ ಅಡಾಮಾನ ಮಗ ಲೀಯ ಮಾತಿಗೆ ಎಲ್ಲರೂ ಒಪ್ಪಿ ಹಡಗುಗಳನ್ನು ಸೂರ್ಯನೊಳಕ್ಕೆ ಕಳಿಸಿ, ಯಂತ್ರಗಳನ್ನೂ ನಗರದ ಆಸೆಯನ್ನೂ ಬಿಟ್ಟು ಗುಂಪುಗುಂಪಾಗಿ ಕಾಡಿಗೆ ನಡೆದುಬಿಡುತ್ತಾರೆ. 40 ಸಾವಿರಕ್ಕಿಂತ ಕಡಿಮೆ ಜನ. ಅವರಲ್ಲಿ ಮುದುಕರಿದ್ದಾರೆ, ಬಸುರಿಯರಿದ್ದಾರೆ, ರೋಗಿಗಳಿದ್ದಾರೆ. ಮೊದಲ ಚಳಿಗಾಲದಲ್ಲಿ ಎಷ್ಟು ಮಂದಿ ಉಳಿಯುತ್ತಾರೆ ಎಂದು ಒಬ್ಬನೂ ಕೇಳುವುದಿಲ್ಲ! ಒಂದು ಹೆರಿಗೆಗೆ ಫಲಕ ಒರೆಸಿ ಬರೆದವರು, ಒಂದು ಸಂಖ್ಯೆಗಾಗಿ ಕಾನೂನು ಮಾಡಿದವರು, ಔಷಧಿಯನ್ನೂ ಲೆಕ್ಕದ ಪುಸ್ತಕವನ್ನೂ ಒಟ್ಟಿಗೆ ಬಿಸಾಡಿದರು. ಕೆರಿಲಾನ್‌ನ ಜೂಜುಕಟ್ಟೆಯನ್ನು ತಿದ್ದಲು ಹುಟ್ಟಿದ ಸರಣಿ ಬಿಸಿಲಿನಲ್ಲಿ ನಿಂತು ಅದೇ ತಪ್ಪನ್ನು ಮಾಡಿತು.

ಆದ್ದರಿಂದ ಪುಣೆಯ ಹುಡುಗನಿಗೆ ಹೇಳುವುದು ಇಷ್ಟು. ಹೊಸದು ಹಳೆಯದಕ್ಕಿಂತ ಬಹಳ ಮೇಲು, ಇದರಲ್ಲಿ ನಿನ್ನ ಪಕ್ಷವೇ ನನ್ನದು. ಆದರೆ ಕತ್ತಲೆಯ ಕಾರಣ ಕೊಡಬೇಡ. ಆ ಸರಣಿ ಎಡವಿದ್ದು ಕತ್ತಲೆಯಲ್ಲಿ ಅಲ್ಲ. ಮತ್ತು ಹಿರಿಯರೇ, ಮನೆಮಂದಿಯೆಲ್ಲ ಕುಳಿತು ನೋಡುವ ಕಥೆ ನನಗೂ ಬೇಕು. ಯಾರು ಯಾರು ಸತ್ತರು ಎಂದು ಮನೆಯ ಮಗು ಕೇಳಿದರೆ ಹೆಸರು ಹೇಳಬಲ್ಲ ಕಥೆಯಾಗಿರಲಿ.